ಲೆಕ್ಕಕ್ಕೆ ಸಿಗದ ಒಂದು ಶೇರ್

"ಒಂದೇ ಒಂದು ಶೇರ್ ಕಣ್ರೀ! ಅದಕ್ಕೋಸ್ಕರ ಬೆಳಿಗ್ಗೆನೇ ಬಂದು ನನ್ನ ಆಫೀಸಲ್ಲಿ ರಂಪ ಮಾಡ್ತಿದ್ದೀರಾ?"

ನಾನು ಚಾಚಿದ ಎರಡು ಹಾಳೆಗಳನ್ನು ಯಜಮಾನಿ ಮುಟ್ಟಲೂ ಇಲ್ಲ. ಕನ್ನಡಕವನ್ನು ತಲೆಯ ಮೇಲಕ್ಕೇರಿಸಿ ದೂರದಿಂದಲೇ ನೋಡಿದಳು. ಆಕೆಯ ಸಂಸ್ಥೆಗೆ ಊರವರ ಪೇಜುಗಳ ವರದಿ ಮಾಡುವುದೇ ಕೆಲಸ. ಯಾರ ವಿಡಿಯೊವನ್ನು ಎಷ್ಟು ಜನ ನೋಡಿದರು, ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು ಎಂದು ಎಣಿಸಿ ಬಣ್ಣದ ಗ್ರಾಫ್ ಬಿಡಿಸಿ ಕೊಡುತ್ತಾರೆ. ಇದನ್ನೆಲ್ಲ ಸೇರಿಸಿ ಎಂಗೇಜ್‌ಮೆಂಟ್ ಎನ್ನುತ್ತಾರಂತೆ. ನಮ್ಮ ಕಾಲದಲ್ಲಿ ಎಂಗೇಜ್‌ಮೆಂಟ್ ಎಂದರೆ ಬೆರಳಿಗೆ ಉಂಗುರ ಹಾಕುವುದಾಗಿತ್ತು.

"ಒಂದಲ್ಲ," ಎಂದೆ. "ವಿಡಿಯೊಗೊಂದು. ಪೇಜಿನ ಮೇಲೆ ಕಾಣೋ ಶೇರ್‌ಗಿಂತ ನಿಮ್ಮ ವರದಿಯಲ್ಲಿ ಪ್ರತಿ ಸಲವೂ ಒಂದು ಕಡಿಮೆ. ಹಳೇ ವಿಡಿಯೊಗಳದೆಲ್ಲ ಸರಿಯಾಗಿ ತಾಳೆ ಆಗುತ್ತೆ. ಕಳೆದ ಸೋಮವಾರದಿಂದ ಮಾತ್ರ ಹೀಗೆ. ಕಳೆದ ಸೋಮವಾರ ಏನಾಯ್ತು ಅಂತ ನಾನೇ ನೆನಪಿಸಬೇಕಾ?"

ನೆನಪಿಸಬೇಕಾಗಿರಲಿಲ್ಲ. ಹರಿದ ಬಟ್ಟೆ ಹೊಲಿಯುವುದನ್ನು ಕಲಿಸಿ ಮನೆಮನೆಗೂ ಸೂಜಿಯಕ್ಕ ಆಗಿದ್ದ ಹೆಂಗಸು ಆ ಸೋಮವಾರ ದಾರದ ಉಂಡೆ ತರುತ್ತೇನೆಂದು ಹೋದವಳು ವಾಪಸು ಬಂದಿರಲಿಲ್ಲ. ಆದರೆ ಆಕೆಯ ಪೇಜಿನಲ್ಲಿ ದಿನಾ ಬೆಳಿಗ್ಗೆ ಹೊಸ ವಿಡಿಯೊ ಬರುತ್ತಿತ್ತು. ನಗುನಗುತ್ತಾ ಗುಂಡಿ ಹೊಲಿಯುತ್ತಿದ್ದಳು, ತೇಪೆ ಹಾಕುತ್ತಿದ್ದಳು. ದೂರು ಕೊಡಲು ಹೋದ ತಂಗಿಗೆ ಠಾಣೆಯವರು ಅದೇ ವಿಡಿಯೊ ತೋರಿಸಿ, "ಇಷ್ಟು ಚೆನ್ನಾಗಿ ನಗ್ತಿರೋರನ್ನ ಕಾಣೆಯಾಗಿದಾರೆ ಅಂತ ಹೇಗಮ್ಮಾ ಬರ್ಕೊಳ್ಳೋದು?" ಎಂದು ಮನೆಗೆ ಕಳಿಸಿದ್ದರು.

ಆ ತಂಗಿ ಈಗ ನನ್ನ ಪಕ್ಕದಲ್ಲೇ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸ ಅವಳದು. ಒಂದು ವಾರದಲ್ಲಿ ಅರ್ಧ ಆಳಾಗಿದ್ದಳು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅಕ್ಕನೇ ಅವಳಿಗೆ ತಾಯಿಯೂ ಆಗಿದ್ದವಳು. ಆ ವಿಡಿಯೊಗಳನ್ನು ಹಾಕುತ್ತಿರುವುದು ಅಕ್ಕ ಅಲ್ಲ ಎಂದು ತೋರಿಸಿಕೊಟ್ಟರೆ ಸಾಕು, ಪೊಲೀಸರು ಹುಡುಕಲು ಶುರು ಮಾಡುತ್ತಾರೆ. ತೋರಿಸಿಕೊಡುವ ಕೆಲಸವನ್ನು ಅವಳು ನನಗೆ ವಹಿಸಿದ್ದಳು.

ಇಪ್ಪತ್ತು ವರ್ಷ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ ಮಾಡಿದವಳು ನಾನು. ಸತ್ತವರು ಎದ್ದು ಬಂದು ಸಹಿ ಹಾಕಿ ಹೋಗಿದ್ದನ್ನೂ ನೋಡಿದ್ದೇನೆ. ಒಬ್ಬರೇ ಎಣಿಸಿದ ಲೆಕ್ಕವನ್ನು ನಂಬುವ ಜಾತಿಯಲ್ಲ. ಅದಕ್ಕೇ ಇವರ ಗಿರಾಕಿಯಾದ ಸೂಜಿಯಕ್ಕನ ಮನೆಗೆ ವಾರದ ವರದಿ ಬಂದ ಗಳಿಗೆಯಲ್ಲೇ ತಂಗಿಯನ್ನು ಪೇಜಿನ ಮುಂದೆ ಕೂರಿಸಿ, ಪ್ರತಿ ವಿಡಿಯೊದ ಅಂಕಿಯ ಫೋಟೊ ತೆಗೆಸಿದ್ದೆ.

"ನೋಡಿ, ವಿಡಿಯೊ ಹಾಕೋದು ಸೂಜಿಯಕ್ಕನೇ. ಪಾಸ್‌ವರ್ಡ್ ಅವರ ಹತ್ರ ಇರೋದು. ನಾವು ಎಣಿಸಿ ಕೊಡೋರು ಅಷ್ಟೇ," ಎಂದಳು ಯಜಮಾನಿ.

"ಹಾಗಾದ್ರೆ ಎಣಿಕೆಯಲ್ಲಿ ಒಂದು ಎಲ್ಲಿ ಹೋಯ್ತು?"

"ಏನೋ ಕೈತಪ್ಪು…"

"ನಮ್ಮ ವರದೀಲಿ ಕೈತಪ್ಪು ಆಗಲ್ಲ."

ಹಾಗೆಂದವನು ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಸಣಕಲು ಯುವಕ. ವರದಿಗಳನ್ನೆಲ್ಲ ತಯಾರಿಸುವವನು ಅವನೇ. ಬಾಯಿ ಬಿಟ್ಟರೆ ನೂರಕ್ಕೆ ಇಷ್ಟು, ನೂರಕ್ಕೆ ಅಷ್ಟು ಎನ್ನುತ್ತಿದ್ದುದರಿಂದ ಕಚೇರಿಗೆಲ್ಲ ಅವನು ಶೇಕಡಾ. ಮಾತು ಆಡಿದ ಮೇಲೆ ಅವನು ನಾಲಿಗೆ ಕಚ್ಚಿಕೊಂಡದ್ದು ನನ್ನ ಕಣ್ಣಿಗೆ ಬಿತ್ತು.

"ಏನಪ್ಪಾ ಅಂದೆ? ಇನ್ನೊಂದ್ಸಲ ಹೇಳು."

"ಅದು… ಬಾಸ್‌ಗೆ ಗೊತ್ತು ಮೇಡಂ. ನಮ್ಮವರ ಲೆಕ್ಕ ನಾವು ಕಳೀತೀವಿ."

ಯಜಮಾನಿ ನಿಟ್ಟುಸಿರು ಬಿಟ್ಟು ವಿವರಿಸಿದಳು. ಹಿಂದೆ ಒಂದು ಚಪ್ಪಲಿ ಅಂಗಡಿಯ ಪೇಜನ್ನು ಇವರು ನೋಡಿಕೊಳ್ಳುತ್ತಿದ್ದರಂತೆ. ಕಚೇರಿಯವರೆಲ್ಲ ಅಭಿಮಾನದಿಂದ ತಾವೇ ಲೈಕ್ ಒತ್ತಿದ್ದು, ತಾವೇ ಹಂಚಿದ್ದು, ಮನೆಯವರ ಕೈಲೂ ಹಂಚಿಸಿದ್ದು. ವರದಿಯಲ್ಲಿ ಗ್ರಾಫ್ ಏರಿದ್ದೇ ಏರಿದ್ದು. ಅಂಗಡಿಯವನು ಹಿಗ್ಗಿ ಹೀರೇಕಾಯಿಯಾಗಿ ಇನ್ನೊಂದು ಮಳಿಗೆ ತೆರೆದ. ಒಂದು ನರಪಿಳ್ಳೆಯೂ ಒಳಗೆ ಕಾಲಿಡಲಿಲ್ಲ. ಆತ ಬಂದು ಇದೇ ಕೋಣೆಯಲ್ಲಿ ನಿಂತು ಮರ್ಯಾದೆ ತೆಗೆದು ಹೋದನಂತೆ. ಅಂದಿನಿಂದ ಕಟ್ಟುನಿಟ್ಟು. ಕಚೇರಿಯವರ ಖಾತೆಯಿಂದ ಏನು ಮಾಡಿದರೂ, ಕಚೇರಿಯ ವೈಫೈಯಲ್ಲಿ ಏನು ತೆರೆದರೂ, ವರದಿ ತಯಾರಾಗುವಾಗ ಅದು ತಾನಾಗಿಯೇ ಕಳೆದುಹೋಗುತ್ತದೆ. ಆ ಏರ್ಪಾಡು ಮಾಡಿದವನು ಶೇಕಡಾನೇ.

"ಒಳ್ಳೇ ಪದ್ಧತಿ," ಎಂದೆ. "ಅಂದ್ರೆ ಕಾಣೆಯಾದ ಶೇರ್ ನಿಮ್ಮವರದು."

ಯಜಮಾನಿಯ ಕನ್ನಡಕ ತಲೆಯಿಂದ ಜಾರಿ ಮೂಗಿನ ಮೇಲೆ ಕೂತಿತು. "ಸಾಧ್ಯನೇ ಇಲ್ಲ! ಗಿರಾಕಿಗಳ ಪೇಜು ಮುಟ್ಟಕೂಡದು ಅಂತ ನಾನು ಎಲ್ಲರಿಗೂ ಹೇಳಿದೀನಿ. ಯಾರ್ರೀ ಅದು? ಶೇಕಡಾ, ಯಾರದು?"

ಶೇಕಡಾ ಕೀಬೋರ್ಡಿನ ಮೇಲಿನ ಇಲ್ಲದ ಧೂಳು ಒರೆಸತೊಡಗಿದ.

"ನಾನೇ ಎಲ್ಲರನ್ನೂ ಕೇಳ್ತೀನಿ. ಒಬ್ಬೊಬ್ಬರ ನೀರಿಳಿಸ್ತೀನಿ ನೋಡ್ತಿರಿ!" ಎಂದು ಯಜಮಾನಿ ದಡಬಡ ಹೊರಟುಹೋದಳು. ಹೊರಗಿನ ಮೇಜುಗಳ ಸಾಲಿನಲ್ಲಿ ಆಕೆಯ ದನಿ ಕೇಳಿಸಿತು. ಆಮೇಲೆ ಬಾಗಿಲು ತಾನಾಗಿ ಮುಚ್ಚಿಕೊಂಡು ಅದೂ ಕೇಳಿಸದಾಯಿತು.

ಅದು ಕಟ್ಟಡದ ನಡುಮಧ್ಯದ ಕೋಣೆ. ಕಿಟಕಿಯಿಲ್ಲ. ಏಸಿಯಿಂದ ಸೋರುವ ನೀರಿಗೆ ಒಂದು ಬಕೆಟ್ ಇಟ್ಟಿದ್ದರು. ನಾನು ಕುರ್ಚಿಯನ್ನು ಎಳೆದು ಶೇಕಡಾನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತೆ.

"ಹೊರಗೆ ಅವರು ಪಾಪದ ಜನರನ್ನ ಬೈತಿದಾರೆ. ನೀನಿಲ್ಲಿ ಧೂಳು ಒರೆಸ್ತಿದ್ದೀಯ. ಚೆನ್ನಾಗಿದೆಯಾ ಇದು?"

"ನನಗೇನು ಗೊತ್ತು ಮೇಡಂ?"

"ಕಾಗೆ ಹಾರಿಸಬೇಡ. ನಮ್ಮವರು ಯಾರು ಅಂತ ಆ ಯಂತ್ರಕ್ಕೆ ಹೇಳಿಕೊಡೋನು ನೀನೊಬ್ಬನೇ. ಸೋಮವಾರದಿಂದ ಒಂದು ಹೊಸ ಖಾತೆ ನಮ್ಮವರ ಸಾಲಿಗೆ ಸೇರಿದೆ. ಸೇರಿಸಿದ್ದು ನೀನು."

ಅವನು ಕುರ್ಚಿ ಹಿಂದಕ್ಕೆ ಸರಿಸಲು ನೋಡಿದ, ಗೋಡೆ ತಾಗಿತು.

"ನನಗೆ ಒಂದೇ ಆಶ್ಚರ್ಯ," ಎಂದೆ. "ಸಾವಿರಾರು ಶೇರ್ ಇರೋ ಕಡೆ ಒಂದು ಹೆಚ್ಚಾದ್ರೆ ಯಾವ ನರಮನುಷ್ಯನಿಗೂ ತಿಳೀತಿರಲಿಲ್ಲ. ಸುಮ್ನೆ ಬಿಟ್ಟಿದ್ರೆ ಈ ಜನ್ಮದಲ್ಲಿ ನೀನು ನನ್ನ ಕೈಗೆ ಸಿಗ್ತಿರಲಿಲ್ಲ. ಕದ್ದುಮುಚ್ಚಿ ಮಾಡೋ ಕೆಲಸದಲ್ಲೂ ನಿನ್ನ ಲೆಕ್ಕ ನೀನೇ ಕಳೆದಿದ್ದೀಯಲ್ಲೋ, ಯಾಕೆ?"

ಅವನ ಮುಖ ಕೆಂಪಾಯಿತು. ಬೈದದ್ದಕ್ಕಲ್ಲ. ಅವಮಾನವಾದವನಂತೆ ತಲೆಯೆತ್ತಿದ.

"ಹಾಗೆ ಬಿಡೋಕಾಗುತ್ತಾ ಮೇಡಂ? ನಾನೇ ಶೇರ್ ಮಾಡಿದ್ದನ್ನ ನಾನೇ ಎಣಿಸಿ ಕೊಟ್ರೆ ಅದು ಸುಳ್ಳು ವರದಿ ಅಲ್ವಾ?"

ದೇವರೇ! ಇಂಥವರನ್ನು ನಾನು ಕ್ಲೇಮು ವಿಭಾಗದಲ್ಲೂ ಕಂಡಿರಲಿಲ್ಲ. ಆದರೆ ಅವನ ಮಾತು ಮುಗಿಯುವಷ್ಟರಲ್ಲಿ ತಂಗಿ ಎದ್ದು ಅವನ ಅಂಗಿಯ ಕಾಲರ್ ಹಿಡಿದಿದ್ದಳು.

"ನೀನಾ? ನೀನಾ ಶೇರ್ ಮಾಡಿದ್ದು? ನಮ್ಮಕ್ಕ ಎಲ್ಲಿ? ಏನು ಮಾಡಿದೆ ನಮ್ಮಕ್ಕನ್ನ?"

"ಬಿಡಮ್ಮ, ಬಿಡು. ಉಸಿರಾಡೋಕೆ ಬಿಟ್ರೆ ತಾನೇ ಮಾತಾಡೋದು," ಎಂದು ಬಿಡಿಸಿದೆ. ನನಗೂ ಅವನಿಗೊಂದು ಏಟು ಬಿಡೋಣ ಅನ್ನಿಸಿದ್ದು ನಿಜ.

ಶೇಕಡಾ ಕಾಲರ್ ಸರಿಮಾಡಿಕೊಂಡ. ತೊದಲುತ್ತಾ ಹೇಳಿದ್ದು ಇಷ್ಟು.

ಹೊರಡುವ ಹಿಂದಿನ ದಿನ ಸೂಜಿಯಕ್ಕ ಅವನನ್ನು ಚಹಾ ಅಂಗಡಿಗೆ ಕರೆದಿದ್ದಳಂತೆ. ಮೊದಲೇ ಮಾಡಿಟ್ಟ ಕೆಲವು ವಿಡಿಯೊ, ಪೇಜಿನ ಪಾಸ್‌ವರ್ಡ್ ಎರಡನ್ನೂ ಅವನ ಕೈಗೆ ಕೊಟ್ಟಳಂತೆ. "ದಿನಕ್ಕೊಂದು ಹಾಕ್ತಿರಪ್ಪ. ವಿಡಿಯೊ ನಿಂತ್ರೆ ನಾನು ಊರಲ್ಲಿಲ್ಲ ಅಂತ ಅವರಿಗೆ ಗೊತ್ತಾಗಿಬಿಡುತ್ತೆ."

"ಅವರು ಅಂದ್ರೆ ಯಾರು?"

"ಹೇಳಲಿಲ್ಲ ಮೇಡಂ. ಗೊತ್ತಾದ್ರೆ ನೀನೂ ಸಿಕ್ಕಿಹಾಕ್ಕೊಳ್ತೀಯ ಅಂದ್ರು."

ನಾನು ತಂಗಿಯ ಮುಖ ನೋಡಿದೆ. ಅವಳು ಯಾರನ್ನು ನೆನೆಸಿಕೊಂಡಳೆಂದು ನನಗೆ ಗೊತ್ತಿತ್ತು. ಬೇರೆ ಮನೆ ಮಾಡಿಕೊಂಡಿರುವ ಅವಳ ಭಾವ ಈ ಒಂದು ವಾರದಿಂದ ದಿನಾ ಫೋನ್ ಮಾಡಿ, "ಇವತ್ತಿನ ವಿಡಿಯೊ ನೋಡಿದ್ಯಾ? ನಿಮ್ಮಕ್ಕ ಆರಾಮಾಗಿದಾಳೆ ಬಿಡು," ಎನ್ನುತ್ತಿದ್ದ. ಹೆಂಡತಿ ಕಾಣೆಯಾಗಿದ್ದರೂ ಅಷ್ಟು ಆರಾಮಾಗಿರುವ ಗಂಡನನ್ನು ನಾನು ಮೊದಲ ದಿನದಿಂದಲೇ ಅನುಮಾನದ ಕಣ್ಣಿಂದ ನೋಡುತ್ತಿದ್ದೆ. ಈಗ ಈ ಶೇಕಡಾನನ್ನೂ ಹಾಗೆಯೇ ನೋಡತೊಡಗಿದೆ. ಹೆಂಗಸು ತಂಗಿಗೂ ಹೇಳದ ಗುಟ್ಟನ್ನು ಗ್ರಾಫ್ ಬಿಡಿಸುವವನಿಗೆ ಹೇಳುತ್ತಾಳೆಯೇ?

"ಸರಿ. ವಿಡಿಯೊ ಹಾಕ್ತಿದ್ದೆ. ಶೇರ್ ಯಾಕೆ? ಯಾರಿಗೆ?"

"ಅವರಿಗೇ. ಅವರ ಹತ್ರ ಇನ್ನೊಂದು ಫೋನಿದೆ. ಅದರ ನಂಬರ್ ಯಾರಿಗೂ ಗೊತ್ತಿಲ್ಲ. ದಿನಾ ವಿಡಿಯೊ ಹಾಕಿದ ತಕ್ಷಣ ನಾನು ಇನ್ನೊಂದು ಖಾತೆಯಿಂದ ಅದನ್ನ ಅವರಿಗೆ ಕಳಿಸ್ತೀನಿ. ನಮ್ಮ ಸಂಸ್ಥೆಯದೇ ಲಿಂಕ್ ಇದೆ. ಅದರಲ್ಲಿ ಕಳಿಸಿದ್ರೆ ಆ ಕಡೆಯವರು ತೆರೆದ್ರಾ ಇಲ್ವಾ, ಎಷ್ಟು ಹೊತ್ತು ನೋಡಿದ್ರು, ಎಲ್ಲಾ ಇಲ್ಲಿ ಬರುತ್ತೆ. ಅವರು ತೆರೆದ್ರೆ ಕ್ಷೇಮ ಅಂತ ಅರ್ಥ. ಹಾಗಂತ ಮಾತಾಗಿತ್ತು."

ತಂಗಿ ಪರದೆಯತ್ತ ಬಗ್ಗಿದಳು. "ತೆರೆದಿದಾಳಾ?"

ಶೇಕಡಾ ಪರದೆಯ ಮೇಲೆ ಒಂದು ಪುಟ ತೆರೆದ. ಮೊದಲ ದಿನಗಳ ಸಾಲುಗಳ ಮುಂದೆ ಹಸಿರು ಗುರುತಿತ್ತು. ಪ್ರತಿ ಸಲವೂ ಒಂದೆರಡು ಕ್ಷಣ ನೋಡಿ ಮುಚ್ಚಿದ ಲೆಕ್ಕವಿತ್ತು.

"ಅಕ್ಕನೇ!" ಎಂದಳು ತಂಗಿ. "ಅವಳಿಗೆ ತನ್ನ ದನಿ ಕೇಳಿದ್ರೆ ಆಗಲ್ಲ ಮೇಡಂ. ಅಯ್ಯೋ, ತಗಡು ಬಡಿದ ಹಾಗಿದೆ, ಆಫ್ ಮಾಡೇ ಅಂತ ಬೈತಾಳೆ. ಅಕ್ಕನೇ ಇದು, ಅಕ್ಕನೇ."

ಕೆಳಗಿನ ಸಾಲುಗಳಲ್ಲಿ ಹಸಿರು ಇರಲಿಲ್ಲ. ಮೊನ್ನೆಯದು ಇಲ್ಲ. ನಿನ್ನೆಯದು ಇಲ್ಲ. ಇವತ್ತಿನದೂ ಇಲ್ಲ.

"ಮೊನ್ನೆಯಿಂದ ತೆರೆದಿಲ್ಲ," ಎಂದ ಶೇಕಡಾ ನೆಲ ನೋಡುತ್ತಾ. "ನೂರಕ್ಕೆ ತೊಂಬತ್ತು ಭಾಗ ಎಲ್ಲೋ ಸಿಗ್ನಲ್ ಇಲ್ಲದ ಕಡೆ ಇದಾರೆ ಅಂತ ಅಂದ್ಕೊಂಡೆ."

"ಉಳಿದ ಹತ್ತು ಭಾಗ?"

ತಂಗಿ ಕುಸಿದು ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದನಲ್ಲ ಇವನು! ಕೆನ್ನೆಗೆ ಬಾರಿಸುವುದನ್ನು ತಡೆದುಕೊಂಡು ಪರದೆಯನ್ನೇ ದಿಟ್ಟಿಸಿದೆ. ಇಪ್ಪತ್ತು ವರ್ಷದ ಚಾಳಿ, ಖಾಲಿ ಜಾಗ ಕಂಡರೆ ಅದು ನಿಜವಾಗಿ ಖಾಲಿಯೋ ಯಾರಾದರೂ ಖಾಲಿ ಮಾಡಿದ್ದೋ ಎಂದು ಮನಸ್ಸು ಕೇಳುತ್ತದೆ.

"ತೆರೆದಿಲ್ಲ ಅಂತ ಹೇಳ್ತಿರೋದು ಏನು?" ಎಂದೆ.

"ವರದಿ, ಮೇಡಂ."

"ಯಾವ ವರದಿ? ನಿಮ್ಮವರ ಲೆಕ್ಕ ಕಳೆದ ಮೇಲಿನ ವರದಿ ತಾನೇ?"

ಮೌಸಿನ ಮೇಲಿದ್ದ ಅವನ ಕೈ ನಿಂತುಹೋಯಿತು.

"ಕಳೆಯದೇ ಇರೋದನ್ನ ತೋರಿಸು."

"ಅದು… ಅದಕ್ಕೆ ಬಾಸ್ ಒಪ್ಪಿಗೆ ಬೇಕು. ಕಚ್ಚಾ ಲೆಕ್ಕ ಹೊರಗಿನವರಿಗೆ ತೋರಿಸೋ ಹಾಗಿಲ್ಲ."

"ಬಾಸ್‌ನ ಕರೀಲಾ? ಪಾಸ್‌ವರ್ಡ್ ಕತೆ ಅವರಿಗೂ ಹೇಳಿ ಆಮೇಲೆ ತೋರಿಸ್ತೀಯಾ?"

ಅವನು ತುಟಿ ಒದ್ದೆ ಮಾಡಿಕೊಂಡ. ತಂಪು ಕೋಣೆಯಲ್ಲೂ ಹಣೆಯ ಮೇಲೆ ಬೆವರಿತ್ತು. ಅವನು ಹೆದರಿದ್ದು ಯಜಮಾನಿಗೋ ಆ ಲೆಕ್ಕಕ್ಕೋ ನನಗೆ ತಿಳಿಯಲಿಲ್ಲ. ಕೊನೆಗೆ ಎರಡು ಕಡೆ ಒತ್ತಿದ. ಪುಟ ಒಮ್ಮೆ ಬೆಳ್ಳಗಾಗಿ ಮತ್ತೆ ತುಂಬಿಕೊಂಡಿತು.

ಮೊನ್ನೆಯ ಸಾಲಿಗೆ ಹಸಿರು ಬಂತು. ನಿನ್ನೆಯದಕ್ಕೂ ಬಂತು. ಇವತ್ತಿನದಕ್ಕೂ.

ತಂಗಿ ಚಂಗನೆ ಎದ್ದಳು. "ತೆರೆದಿದಾಳೆ! ಮೇಡಂ, ತೆರೆದಿದಾಳೆ! ಬದುಕಿದಾಳೆ ನಮ್ಮಕ್ಕ!" ಎಂದು ನನ್ನನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು, ಯಾಕೆ ಸುಳ್ಳು ಹೇಳಲಿ. ಆದರೆ ಅವಳ ಹೆಗಲ ಮೇಲಿಂದ ಪಕ್ಕದ ಅಂಕಿಗಳನ್ನು ಓದುತ್ತಿದ್ದಂತೆ ನನ್ನ ಸಂತೋಷ ಇಳಿದುಹೋಯಿತು.

ಮೊನ್ನೆಯ ವಿಡಿಯೊವನ್ನು ಕೊನೆಯವರೆಗೂ ನೋಡಲಾಗಿತ್ತು. ನಿನ್ನೆಯದನ್ನು ಕೊನೆಯವರೆಗೆ, ಮತ್ತೆ ಮೊದಲಿಂದ, ಮತ್ತೆ ಮೊದಲಿಂದ. ತಗಡು ಬಡಿದ ಹಾಗಿರುವ ತನ್ನ ದನಿಯನ್ನು ಸೂಜಿಯಕ್ಕ ಕೂತು ಅಷ್ಟು ಸಲ ಕೇಳಿದಳೇ? ಯಾರೋ ಪಾಠ ಉರುಹೊಡೆಯುವವರಂತೆ ಅದನ್ನು ತಿರುಗಾ ಮುರುಗಾ ನೋಡಿದ್ದರು. ನೋಡಿದವರು ಅವಳಲ್ಲ ಎಂದು ನನ್ನ ಮನಸ್ಸು ಹೇಳಿತು.

ಅದನ್ನು ತಂಗಿಗೆ ಹೇಳಲು ಬಾಯಿ ಬರಲಿಲ್ಲ. ಶೇಕಡಾನಿಗೆ ಮಾತ್ರ ಕೇಳುವಂತೆ ಬಗ್ಗಿ, "ಈ ಮೂರು ಮೊದಲು ಯಾಕೆ ಕಾಣ್ತಿರಲಿಲ್ಲ?" ಎಂದೆ. ಉತ್ತರ ನನಗೆ ಗೊತ್ತಿತ್ತು. ಅವನ ಬಾಯಿಂದ ಕೇಳಬೇಕಿತ್ತು.

"ನಮ್ಮವರ ಲೆಕ್ಕಕ್ಕೆ ಸೇರಿ ಕಳೆದುಹೋಗಿತ್ತು."

"ನಿನ್ನ ಆ ಖಾತೆ ಕಳಿಸಿದ್ದು ಮಾತ್ರ. ತೆರೆದಿದ್ದು ಆ ಕಡೆಯ ಫೋನು. ಅದು ಹೇಗೆ ನಿಮ್ಮವರದಾಯ್ತು?"

ಅವನು ಒಂದು ಸಾಲಿನ ಮೇಲೆ ಬೆರಳಿಟ್ಟ. "ವೈಫೈ."

"ಹೂಂ?"

"ಮೂರೂ ನಮ್ಮ ಆಫೀಸಿನ ವೈಫೈಯಲ್ಲಿ ತೆರೆದಿರೋದು ಮೇಡಂ."

ಸೂಜಿಯಕ್ಕನ ಗುಟ್ಟಿನ ಫೋನು ದೂರದ ಯಾವುದೋ ಊರಲ್ಲಿರಲಿಲ್ಲ. ಮೊನ್ನೆಯಿಂದ ಈ ಕಟ್ಟಡದೊಳಗೇ ಇತ್ತು. ಹೊರಗೆ ಸಾಲಾಗಿ ಕೂತವರಲ್ಲಿ ಒಬ್ಬರ ಜೇಬಿನಲ್ಲೋ, ಚೀಲದಲ್ಲೋ, ಯಜಮಾನಿಯ ಮೇಜಿನ ಡ್ರಾಯರಿನಲ್ಲೋ. ಒಬ್ಬೊಬ್ಬರ ನೀರಿಳಿಸುತ್ತೇನೆಂದು ಆಕೆ ಅಷ್ಟು ಅವಸರದಲ್ಲಿ ಹೊರಗೆ ಹೋದದ್ದು ನಿಜವಾಗಿಯೂ ಯಾತಕ್ಕೆ?

ಇವತ್ತಿನ ಸಾಲಿನ ಪಕ್ಕ ಒಂದು ಅಂಕಿ ಏರುತ್ತಲೇ ಇತ್ತು.

"ಇದ್ಯಾಕೆ ನಿಲ್ತಿಲ್ಲ?"

"ಈಗ ನೋಡ್ತಿದಾರೆ," ಎಂದ ಶೇಕಡಾ. "ಇದೇ ಗಳಿಗೆಯಲ್ಲಿ. ವಿಡಿಯೊ ಓಡ್ತಾ ಇದೆ."

ನಾನು ಬಾಗಿಲಿನತ್ತ ಓಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ತಂಗಿ ಕೀಬೋರ್ಡನ್ನು ತನ್ನೆಡೆಗೆ ಎಳೆದುಕೊಂಡಳು. ಈಗ ನೋಡ್ತಿದಾರೆ ಎನ್ನುವುದೊಂದೇ ಅವಳ ಕಿವಿಗೆ ಬಿದ್ದಿದ್ದು.

"ಬೇಡಮ್ಮ, ತಡಿ…"

ತಡೆಯುವವಳಲ್ಲ. ಅದೇ ಪುಟದಲ್ಲಿ, ಲಿಂಕ್ ಕಳಿಸಿದ ಜಾಗದ ಕೆಳಗೆ, ಸಂದೇಶ ಬರೆಯುವ ಕಡೆ ಟಪಟಪನೆ ಬಡಿದಳು. *ಅಕ್ಕ ನಾನು ಕಣೇ. ಎಲ್ಲಿದ್ದೀಯ? ಒಂದೇ ಒಂದು ಮಾತು ಹೇಳು ಸಾಕು.* ಕಳಿಸಿಯೂ ಬಿಟ್ಟಳು. ನಾನು ಅವಳ ಕೈ ಹಿಡಿದುಕೊಂಡೆ. ಮಂಜುಗಡ್ಡೆಯಷ್ಟು ತಣ್ಣಗಿತ್ತು. ಇನ್ನೊಂದು ಕೈಯ ಹಿಂಬದಿಯಿಂದ ಅವಳು ಮಗುವಿನ ಹಾಗೆ ಮೂಗು ತಿಕ್ಕಿಕೊಳ್ಳುತ್ತಾ ಪರದೆಯನ್ನೇ ನೋಡುತ್ತಿದ್ದಳು. ಕಣ್ಣೀರು ಗಲ್ಲದವರೆಗೂ ಇಳಿದಿತ್ತು.

ಏರುತ್ತಿದ್ದ ಅಂಕಿ ನಿಂತಿತು.

ಆಮೇಲೆ ಪರದೆಯ ಕೆಳಗಡೆ ಒಂದು ಸಾಲು ಮೂಡಿತು.

*ಅಳಬೇಡ. ಮೊದಲು ಮೂಗು ಒರೆಸ್ಕೊ.*

ತಂಗಿ ಕಿರುಚಿಯೇ ಬಿಟ್ಟಳು. "ಅಕ್ಕ! ಮೇಡಂ, ಅಕ್ಕನೇ! ನೋಡಿ, ನಾನು ಅಳ್ತಿದ್ದೀನಿ ಅಂತ ಅವಳಿಗಲ್ಲದೆ ಇನ್ಯಾರಿಗೆ ಗೊತ್ತಾಗುತ್ತೆ?"

ಅವಳು ಸಂತೋಷಕ್ಕೆ ಕೇಳಿದ ಪ್ರಶ್ನೆಯನ್ನೇ ನಾನೂ ಕೇಳಿಕೊಂಡೆ. ಬಾಗಿಲು ಮುಚ್ಚಿತ್ತು. ಕಿಟಕಿ ಇರಲಿಲ್ಲ. ಗೋಡೆಯ ಮೇಲೆ ಕ್ಯಾಮರಾ ಇದೆಯೇ ಎಂದು ನಾಲ್ಕೂ ಮೂಲೆ ನೋಡಿದೆ, ಸುಣ್ಣ ಮಾತ್ರ ಇತ್ತು. ಅವಳು ಮೂಗು ತಿಕ್ಕಿದ್ದನ್ನು ನೋಡಿದವರು ನಾನು ಮತ್ತು ಇನ್ನೊಬ್ಬ.

ತಂಗಿಯನ್ನು ಮೆಲ್ಲಗೆ ನನ್ನ ಹಿಂದಕ್ಕೆ ಸರಿಸಿದೆ. ಶೇಕಡಾ ಪರದೆಯನ್ನೇ ನೋಡುತ್ತಾ ಕೂತಿದ್ದ. ಅವನ ಬಲಗೈ ಮೌಸಿನ ಮೇಲಿತ್ತು. ಎಡಗೈ ಮೇಜಿನ ಕೆಳಗೆ, ಒಂದು ಫೋನು ಹಿಡಿಯುವಷ್ಟು ಮರೆಯಲ್ಲಿತ್ತು.

"ಶೇಕಡಾ," ಎಂದೆ, ದನಿ ಏರಿಸದೆ. "ಎಡಗೈ ಮೇಜಿನ ಮೇಲಿಡಪ್ಪ."

ಅವನು ಇಡಲಿಲ್ಲ.